ಮಗನಿಗೆ ಕನ್ಸೋಲ್ ಕೊಡಿಸಬೇಕು: ಡಿಸ್ಕ್ ಇರೋದಾ, ಇಲ್ಲದ್ದಾ?

ಪ್ರಶ್ನೆ, ದಾವಣಗೆರೆಯಿಂದ

ಮಗನಿಗೆ 11 ವರ್ಷ. ಎರಡು ವರ್ಷದಿಂದ ಪಿಎಸ್5 (ಸೋನಿ ಕಂಪನಿಯ ಪ್ಲೇಸ್ಟೇಷನ್ 5, ಟಿವಿಗೆ ಹಾಕಿ ಆಡೋ ಗೇಮ್ ಯಂತ್ರ) ಬೇಕು ಅಂತಿದ್ದಾನೆ. ಈ ದೀಪಾವಳಿಗೆ ಕೊಡಿಸ್ತೀನಿ ಅಂತ ಮಾತು ಕೊಟ್ಟಾಗಿದೆ. ಚಿಕ್ಕವನಿದ್ದಾಗ ಟಿವಿ ಗೇಮ್‌ನಲ್ಲಿ ಮಾರಿಯೋ ಆಡಿದ್ದು ಬಿಟ್ಟರೆ ನನಗೆ ಈ ಲೋಕ ಗೊತ್ತಿಲ್ಲ. ಅಂಗಡಿಯವರು ಡಿಸ್ಕ್ ಹಾಕೋದೊಂದು, ಡಿಸ್ಕ್ ಇಲ್ಲದೆ ಗೇಮ್‌ಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳೋದೊಂದು ತೋರಿಸಿದರು. ನಡುವೆ ಹತ್ತು ಸಾವಿರದ ಹತ್ತಿರ ವ್ಯತ್ಯಾಸ. ಇಲ್ಲದ್ದನ್ನೇ ತಗೊಂಡು ಉಳಿದ ದುಡ್ಡಿಗೆ ಎರಡು ಗೇಮ್ ತಗೊಳ್ಳಿ ಅಂದರು. ಒಂದು ಗೇಮ್‌ಗೆ ಐದು ಸಾವಿರ ಅಂತ ಕೇಳಿ ಎದೆ ಧಸಕ್ಕೆಂದಿತು. ಆಡಿ ಅನುಭವ ಇದ್ದವರು ದಯವಿಟ್ಟು ಹೇಳಿ: ಯಾವುದು ತಗೊಳ್ಳಲಿ, ಆಮೇಲೆ ವರ್ಷಕ್ಕೆ ಎಷ್ಟು ಖರ್ಚು ಬರುತ್ತೆ?

ಉತ್ತರ, ಬೆಂಗಳೂರಿನಿಂದ

ಡಿಸ್ಕ್ ಇರೋದನ್ನೇ ತಗೊಳ್ಳಿ ಸರ್. ಪೂರ್ತಿ ಓದೋಕೆ ಪುರುಸೊತ್ತಿಲ್ಲದಿದ್ದರೆ ಇಷ್ಟೇ ಸಾಕು. ಇದ್ದರೆ, ಮೂವತ್ತು ವರ್ಷ ಆಡಿ, ಅದರಲ್ಲಿ ಹದಿನೈದು ವರ್ಷ ದುಡ್ಡು ಪೋಲು ಮಾಡಿ ಕಲಿತದ್ದನ್ನು ಹೇಳ್ತೀನಿ.

ನಾನು ಬೆಳೆದದ್ದು ತುಮಕೂರಿನಲ್ಲಿ. 1995ರ ಹೊತ್ತಿಗೆ ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಟಿವಿ ಗೇಮ್ ಇತ್ತು. ಕ್ಯಾಸೆಟ್ ದುಬಾರಿ. ಹಾಗಾಗಿ ಒಬ್ಬರ ಹತ್ತಿರ ಇದ್ದದ್ದನ್ನು ಇನ್ನೊಬ್ಬರು ತಗೊಳ್ತಿರಲಿಲ್ಲ. ನಮ್ಮ ಮನೆಯ ಕಾಂಟ್ರಾ ಶನಿವಾರ ಎದುರು ಮನೆಗೆ ಹೋದರೆ ಅಲ್ಲಿಂದ ಅಡ್ವೆಂಚರ್ ಐಲ್ಯಾಂಡ್ ನಮ್ಮ ಮನೆಗೆ. ಕ್ಯಾಸೆಟ್ ಓಡದಿದ್ದರೆ ಬುಡಕ್ಕೆ ಊದೋದು, ಮತ್ತೆ ಹಾಕೋದು. ನಾಲ್ಕು ಮನೆ ಸೇರಿ ವರ್ಷಕ್ಕೆ ಐದಾರು ಕ್ಯಾಸೆಟ್ ಕೊಂಡಿದ್ದರೆ ಹೆಚ್ಚು. ಆದರೆ ಆಡಿದ ಒಂದೊಂದು ಆಟವೂ ಕೊನೇ ಹಂತದವರೆಗೆ ಬಾಯಿಪಾಠ ಆಗಿತ್ತು.

ಆಮೇಲೆ ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಬಂದೆ. ಕಾಪಿ ಡಿಸ್ಕೂ ಓಡೋ ಹಾಗೆ ಚಿಪ್ ಹಾಕಿಸಿದ ಪಿಎಸ್2 ಒಂದನ್ನು ಹಾಸ್ಟೆಲ್‌ನಲ್ಲಿ ಮೂವರು ಪಾಲು ಹಾಕಿ ತಗೊಂಡ್ವಿ. ಮೆಜೆಸ್ಟಿಕ್ ಕಡೆ ಹೋದರೆ ಕಾಪಿ ಡಿಸ್ಕ್ ನೂರು ರೂಪಾಯಿಗೆ ಸಿಗ್ತಿತ್ತು. ಒಂದೇ ವರ್ಷದಲ್ಲಿ ನಲವತ್ತು ಡಿಸ್ಕ್ ಸೇರಿತು. ಮುಗಿಸಿದ್ದು ಮೂರು! ಒಂದು ಕಷ್ಟದ ಹಂತ ಬಂತೋ, ತೆಗೆದು ಇನ್ನೊಂದು ಹಾಕ್ತಿದ್ವಿ. ಆಡಿದ್ದು ಅಂತ ಇದ್ದರೆ ಕ್ರಿಕೆಟ್ 07 ಒಂದೇ, ಅದೂ ಜಗಳ ಆಡ್ಕೊಂಡು. ಆ ಆಟಗಳನ್ನು ವರ್ಷಗಟ್ಟಲೆ ಕೂತು ಮಾಡಿದವರಿಗೆ ನಮ್ಮಿಂದ ಒಂದು ರೂಪಾಯಿಯೂ ಹೋಗಲಿಲ್ಲ ಅನ್ನೋದು ನನ್ನನ್ನು ಇವತ್ತಿಗೂ ಕಾಡುತ್ತೆ.

ಕೆಲಸ ಸಿಕ್ಕಮೇಲೆ ಕಾಪಿ ಬಿಟ್ಟೆ, ಆದರೆ ಚಾಳಿ ಬಿಡಲಿಲ್ಲ. ಪಿಎಸ್4 ಬಂದಮೇಲೆ ಆನ್‌ಲೈನ್ ಸ್ಟೋರಿನ ಸೇಲ್‌ಗಳಲ್ಲಿ ಬಿದ್ದೆ. ಶೇ 60 ರಿಯಾಯಿತಿ ಅಂದರೆ ಕೈ ತಾನಾಗಿ ಒತ್ತಿಬಿಡುತ್ತೆ. 2019ರಲ್ಲಿ ಒಂದು ರಾತ್ರಿ ಕೂತು ಲೆಕ್ಕ ಬರೆದೆ: ಕೊಂಡದ್ದು 61, ಕೊನೆ ಮುಟ್ಟಿಸಿದ್ದು 22, ಒಮ್ಮೆಯೂ ತೆರೆಯದೇ ಇದ್ದದ್ದು 17. ಆ 17ನ್ನು ಮಾರೋಕೂ ಆಗಲ್ಲ, ಯಾರಿಗೂ ಕೊಡೋಕೂ ಆಗಲ್ಲ. ಡಿಜಿಟಲ್‌ನಲ್ಲಿ, ಅಂದರೆ ಡಿಸ್ಕ್ ಇಲ್ಲದೆ ಸ್ಟೋರಿನಿಂದ ಇಳಿಸಿಕೊಂಡಾಗ, ನಾವು ತಗೊಳ್ಳೋದು ಆಡುವ ಪರವಾನಗಿಯನ್ನು ಮಾತ್ರ, ಅದು ನಮ್ಮ ಖಾತೆಗೇ ಅಂಟಿಕೊಂಡಿರುತ್ತೆ.

ಅವತ್ತಿನಿಂದ ನನ್ನ ಪದ್ಧತಿ ಬದಲಾಯ್ತು. ಮನೆಯಲ್ಲಿ ಒಂದು ಹೊತ್ತಿಗೆ ಒಂದೇ ಆಟ. ಅದು ಮುಗಿಯಬೇಕು, ಇಲ್ಲ ಇದು ನಮಗಲ್ಲ ಅಂತ ಮನಸ್ಸು ಒಪ್ಪಬೇಕು, ಆಮೇಲೆ ಅದನ್ನು ಮಾರಿ ಇನ್ನೊಂದು. ರೆಡ್ ಡೆಡ್ ರಿಡೆಂಪ್ಷನ್ 2 ಬಂದದ್ದು 2018ರ ಅಕ್ಟೋಬರಿನಲ್ಲಿ, ನಾನು ಬಳಸಿದ ಡಿಸ್ಕ್ ತಗೊಂಡದ್ದು ಒಂದೂವರೆ ವರ್ಷದ ಮೇಲೆ, 1,500ಕ್ಕೆ. ನಾಲ್ಕು ತಿಂಗಳು ಆಡಿ 1,200ಕ್ಕೆ ಮಾರಿದೆ. ಅಂಥಾ ಅದ್ಭುತ ಆಟಕ್ಕೆ ಕೈಯಿಂದ ಹೋದದ್ದು 300 ರೂಪಾಯಿ. ನೀವು ಕೇಳಿದ ವರ್ಷದ ಖರ್ಚಿಗೆ ನನ್ನ ಉತ್ತರ ಇದರಲ್ಲೇ ಇದೆ. ಮೊದಲ ಡಿಸ್ಕ್‌ಗೆ ಹಾಕಿದ ಬಂಡವಾಳವೇ ತಿರುಗ್ತಾ ಇರುತ್ತೆ. ಹೋದ ವರ್ಷ ನನ್ನ ಕೈಯಿಂದ ಹೆಚ್ಚುವರಿ ಹೋದದ್ದು ಮೂರು ಸಾವಿರಕ್ಕೂ ಕಮ್ಮಿ. ನಿಮಗೆ ತೋರಿಸಿದ ಹತ್ತು ಸಾವಿರದ ಉಳಿತಾಯ ಎರಡು ಹೊಸ ಆಟಕ್ಕೆ ಮುಗಿದುಹೋಗುತ್ತೆ, ಮೂರನೇ ಆಟದಿಂದ ಪೂರ್ತಿ ಬೆಲೆ ನಿಮ್ಮದೇ. ಇನ್ನೊಂದು: ಡಿಸ್ಕ್ ಇರುವ ಪಿಎಸ್5ನಲ್ಲಿ ಪಿಎಸ್4ರ ಹೆಚ್ಚುಕಮ್ಮಿ ಎಲ್ಲ ಡಿಸ್ಕೂ ಓಡುತ್ತೆ. ಅನ್‌ಚಾರ್ಟೆಡ್ 4, 2018ರ ಸ್ಪೈಡರ್‌ಮ್ಯಾನ್ ಥರದವು ಬಳಸಿದ್ದು ತುಂಬಾ ಅಗ್ಗ, ಹುಡುಗನಿಗೆ ಅವೂ ಹೊಸವೇ.

ಬಿಡುಗಡೆಗೆ ಮೊದಲೇ ದುಡ್ಡು ಕಟ್ಟಿ ಕಾಯ್ದಿರಿಸೋದು ಬೇಡವೇ ಬೇಡ. 2020ರ ಡಿಸೆಂಬರ್ 10ಕ್ಕೆ ಸೈಬರ್‌ಪಂಕ್ 2077 ಬಂತು. ಪಿಎಸ್4ರಲ್ಲಿ ಎಷ್ಟು ಕೆಟ್ಟದಾಗಿ ಓಡ್ತಿತ್ತು ಅಂದರೆ ಸುಮಾರು ಒಂದು ವಾರದಲ್ಲೇ ಸೋನಿ ಅದನ್ನು ತನ್ನ ಸ್ಟೋರಿನಿಂದಲೇ ತೆಗೆದುಹಾಕಿತು. ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರಿನ 2.0 ಅಪ್‌ಡೇಟ್ ಆದಮೇಲೆ ಪಿಎಸ್5ನಲ್ಲಿ ಆಡಿದ ನನಗೆ ಸಿಕ್ಕಿದ್ದು ಬೇರೆಯದೇ ಆಟ, ಅದೂ ಅರ್ಧಕ್ಕಿಂತ ಕಮ್ಮಿ ಬೆಲೆಗೆ. ಮೊದಲ ದಿನ ಕೊಂಡವರು ಹೆಚ್ಚು ಕೊಟ್ಟು ಹಸಿ ಆಟ ತಗೊಂಡರು. ದಿ ವಿಚರ್ 3 ಕೂಡ ಹಾಗೇ. 2015ರಲ್ಲಿ ಬಂತು, ಕಾದವರಿಗೆ ಎರಡೂ ದೊಡ್ಡ ವಿಸ್ತರಣೆ (ಆಮೇಲೆ ಬಂದ ಹೆಚ್ಚುವರಿ ಭಾಗ) ಸೇರಿದ ಪೂರ್ಣ ಆವೃತ್ತಿ ಒಂದೇ ಡಬ್ಬಿಯಲ್ಲಿ ಸಿಕ್ಕಿತು.

ಡಿಸ್ಕ್ ಇದ್ದರೆ ಎಲ್ಲ ಕ್ಷೇಮ ಅಂತಲೂ ತಿಳ್ಕೋಬೇಡಿ. ದಿ ಕ್ರೂ ಅನ್ನೋ ಕಾರಿನ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ಮುಚ್ಚಿದಾಗ ಡಿಸ್ಕ್ ಕೈಯಲ್ಲಿದ್ದವರಿಗೂ ಆಟ ಹೋಯ್ತು, ಯಾಕಂದರೆ ಅದು ಇಂಟರ್ನೆಟ್ ಇಲ್ಲದೆ ಶುರುವೇ ಆಗ್ತಿರಲಿಲ್ಲ. ಒಬ್ಬರೇ ಆಡುವಾಗಲೂ ಇಂಟರ್ನೆಟ್ ಬೇಕಾ ಅಂತ ಕೊಳ್ಳೋಕೆ ಮುಂಚೆ ಕೇಳಿ. ಇನ್ನು ಫುಟ್‌ಬಾಲ್ ಆಟ ಪ್ರತಿ ವರ್ಷ ಹೊಸದು ಬರುತ್ತೆ, ಹಳೇದರ ಬೆಲೆ ಜಾರುತ್ತೆ. ಮಗ ಕೇಳಿದರೆ ಹಿಂದಿನ ವರ್ಷದ್ದು ಕೊಡಿಸಿ, ಮೈದಾನ ಅದೇ.

ಗದಗದಿಂದ

ನಾ ಇದಕ್ಕ ಪೂರ್ತಿ ಒಪ್ಪಂಗಿಲ್ಲರೀ. ಬೆಂಗಳೂರಾಗ ಡಿಸ್ಕ್ ಮಾರಾಕ, ತಗೊಳ್ಳಾಕ ಮಂದಿ ಸಿಗ್ತಾರ. ನಮ್ಮ ಕಡೆ ಬಳಸಿದ ಡಿಸ್ಕ್ ತಗೊಳ್ಳೋ ಅಂಗಡಿ ಹುಡುಕೂದ ಒಂದು ಕೆಲಸ. ನನ್ನ ಹತ್ರ ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಐತಿ, ಅದರಾಗ ಡಿಸ್ಕ್ ಹಾಕಾಕ ಜಾಗಾನ ಇಲ್ಲ. ತಿಂಗಳಿಗಿಷ್ಟು ಅಂತ ಕಟ್ಟಿದರ ಭಾಳ ಆಟ ಸಿಗೋ ಗೇಮ್ ಪಾಸ್ ಚಂದಾ ಕಟ್ಟಿ ಆಡ್ತೀನಿ. ಹತ್ತು ಆಟ ರುಚಿ ನೋಡಿ ಒಂದನ್ನ ಹಿಡಿಯೋ ಸ್ವಭಾವದವರಿಗೆ ಅದು ಭಾಳ ಛಲೋ. ತಿಂಗಳ ರೊಕ್ಕ ಮೊದಲಿಗಿಂತ ಜಾಸ್ತಿ ಆಗೇತಿ, ಅದು ಖರೇ. ಅದಕ್ಕ ನಾ ವರ್ಷಪೂರ್ತಿ ಕಟ್ಟಂಗಿಲ್ಲ. ಬ್ಯಾಸಿಗಿ ಸೂಟಿ ಎರಡು ತಿಂಗಳು, ದೀಪಾವಳಿ ಒಂದು ತಿಂಗಳು, ಅಷ್ಟ. ಚಂದಾ ನಿಂತ ಮ್ಯಾಲೆ ಆಟ ತೆರಿಯಂಗಿಲ್ಲ ಅನ್ನೂದು ನೆನಪಿರಲಿ. ಮತ್ತ ನನ್ನ ಯಂತ್ರದ 512 ಜಿಬಿ ಜಾಗಾ ಮೂರ್ನಾಲ್ಕು ದೊಡ್ಡ ಆಟಕ್ಕ ಮುಗೀತೈತಿ. ಒಂದೊಂದು ನೂರು ಜಿಬಿ ಇರ್ತಾವ. ನಿಮ್ಮ ಮನಿ ನೆಟ್ ಎಷ್ಟು ಜಿಬಿ ಕೊಡ್ತೈತಿ ಅನ್ನೂದನ್ನ ಮೊದಲ ನೋಡ್ರಿ.

ಮಂಗಳೂರಿನಿಂದ, ಒಬ್ಬ ತಾಯಿ

ನಾನು ಆಡುವವಳಲ್ಲ, ಆಡುವ ಇಬ್ಬರು ಮಕ್ಕಳ ಅಮ್ಮ. ಡಿಸ್ಕಿನ ವಿಷಯ ತಿಳಿದವರು ಹೇಳಿದ್ದಾರೆ. ನಾನು ಹೇಳಬೇಕಾದ್ದು ಉಚಿತ ಆಟಗಳ ಬಗ್ಗೆ. ನಮಗೆ ಹೆಚ್ಚು ದುಡ್ಡು ಹೋದದ್ದು ಉಚಿತ ಆಟದಲ್ಲೇ! ಸ್ಟೋರಿನಲ್ಲಿ ನನ್ನ ಕಾರ್ಡ್ ಉಳಿಸಿ ಇಟ್ಟಿದ್ದೆ. ಆಟದೊಳಗಿನ ಬಟ್ಟೆ, ಕುಣಿತ ಅಂತ ಚಿಕ್ಕವನು ಒಂದೇ ವಾರದಲ್ಲಿ 4,000 ದಾಟಿಸಿದ. ಅವನಿಗೆ ಅದು ದುಡ್ಡು ಅಂತಲೇ ಗೊತ್ತಿರಲಿಲ್ಲ, ನಾಣ್ಯ ಅಂತ ಕಾಣುತ್ತಲ್ಲ. ಬೈದದ್ದಕ್ಕೆ ಆಮೇಲೆ ನನಗೇ ಬೇಸರವಾಯಿತು.

ಈಗ ಕಾರ್ಡ್ ತೆಗೆದುಹಾಕಿದ್ದೇನೆ. ಹುಟ್ಟುಹಬ್ಬಕ್ಕೆ ಇಂತಿಷ್ಟು ಮೊತ್ತದ ಗಿಫ್ಟ್ ಕಾರ್ಡ್, ಮುಗಿದರೆ ಮುಗಿಯಿತು. ಮಕ್ಕಳಿಗೆ ಪ್ರತ್ಯೇಕ ಖಾತೆ ಮಾಡಿ, ಅದನ್ನು ನಿಮ್ಮ ಖಾತೆಯ ಅಡಿಯಲ್ಲಿ ಸೇರಿಸಿದರೆ ತಿಂಗಳ ಖರ್ಚಿಗೆ ಮಿತಿ ಹಾಕಬಹುದು, ಸೊನ್ನೆಯನ್ನೂ ಇಡಬಹುದು. ದಿನಕ್ಕೆ ಎಷ್ಟು ಗಂಟೆ ಎಂದೂ ಗೊತ್ತುಮಾಡಬಹುದು. ಯಂತ್ರ ತಂದ ಮೊದಲ ದಿನವೇ ಇದನ್ನು ಮಾಡಿ, ಆಮೇಲೆ ಮಾಡಿದರೆ ಮಕ್ಕಳಿಗೆ ಶಿಕ್ಷೆಯ ಹಾಗೆ ಕಾಣುತ್ತದೆ. ಡಬ್ಬಿಯ ಮೇಲಿನ 7, 12, 16, 18 ಎಂಬ ಅಂಕಿ ವಯಸ್ಸು, ಆಟ ಎಷ್ಟು ಕಷ್ಟ ಎನ್ನುವುದಲ್ಲ. ಕ್ಲಾಸಿನಲ್ಲಿ ಎಲ್ಲರೂ ಜಿಟಿಎ ಆಡುತ್ತಾರೆ ಎಂದು ನಿಮ್ಮ ಮಗನೂ ಹೇಳಿಯೇ ಹೇಳುತ್ತಾನೆ, ಅದು 18ರದ್ದು.

ನ್ಯೂಜೆರ್ಸಿಯಿಂದ

ಊರಿಗೆ ಬರುವಾಗ ಅಣ್ಣನ ಮಕ್ಕಳಿಗೆ ಇಲ್ಲಿಂದ ಡಿಸ್ಕ್ ತರ್ತೀನಿ. ಪಿಎಸ್4, ಪಿಎಸ್5 ಡಿಸ್ಕ್ ಯಾವ ದೇಶದಲ್ಲಿ ಕೊಂಡರೂ ಭಾರತದ ಯಂತ್ರದಲ್ಲಿ ಓಡುತ್ತೆ, ಪಿಎಸ್2 ಕಾಲದ ಹಾಗೆ ಪ್ರದೇಶದ ಬೀಗ ಇಲ್ಲ. ಆದರೆ ಆಟಕ್ಕೆ ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗ ಡಿಸ್ಕಿನ ಪ್ರದೇಶಕ್ಕೆ ಹೊಂದಬೇಕು. ಇಲ್ಲಿನ ಡಿಸ್ಕಿಗೆ ಅಣ್ಣ ಅಲ್ಲಿನ ಸ್ಟೋರಿನಲ್ಲಿ ವಿಸ್ತರಣೆ ಕೊಂಡ, ಹೊಂದಲೇ ಇಲ್ಲ. ಹಾಗಾಗಿ ಎಲ್ಲ ಸೇರಿದ ಪೂರ್ಣ ಆವೃತ್ತಿ ತರಿಸಿಕೊಳ್ಳಿ. ನಿಂಟೆಂಡೊ ಸ್ವಿಚ್ ಬಗ್ಗೆ ಯಾರಾದರೂ ಹೇಳಿದರೆ ನೆನಪಿಡಿ: 2017ರಲ್ಲಿ ಬಂದ ಆ ಯಂತ್ರವನ್ನು ಕಂಪನಿ ಭಾರತದಲ್ಲಿ ಅಧಿಕೃತವಾಗಿ ತರಲಿಲ್ಲ, ಕೆಟ್ಟರೆ ತರಿಸಿ ಮಾರಿದ ಅಂಗಡಿಯವರೇ ಗತಿ.

ದಾವಣಗೆರೆಯಿಂದ ಮತ್ತೆ

ಎಲ್ಲರಿಗೂ ವಂದನೆ. ಡಿಸ್ಕ್ ಇರೋದೇ ಅಂತ ಮನೆಯಲ್ಲಿ ತೀರ್ಮಾನ ಆಯ್ತು. ಒಂದೇ ಪ್ರಶ್ನೆ: ಪರಿಚಯದವರೊಬ್ಬರು ಎರಡು ವರ್ಷ ಬಳಸಿದ ಪಿಎಸ್5 ಕಮ್ಮಿಗೆ ಕೊಡ್ತಾರಂತೆ. ತಗೊಳ್ಳಬಹುದಾ? ಮೊದಲ ಆಟ ಯಾವುದು?

ಬೆಂಗಳೂರಿನಿಂದ

ತಗೊಳ್ಳಬಹುದು, ಆದರೆ ಅವರ ಮನೆಯಲ್ಲೇ ಕೂತು ಒಂದು ಗಂಟೆ ಆಡಿ ನೋಡಿ. ಇದನ್ನು ನಾನು ನೋವು ತಿಂದು ಕಲಿತೆ. ಒಂದು ಅಂಗಡಿಯಲ್ಲಿ ಐದು ನಿಮಿಷ ಆನ್ ಮಾಡಿ ತೋರಿಸಿದ್ದನ್ನು ನಂಬಿ ಬಳಸಿದ ಪಿಎಸ್4 ತಂದಿದ್ದೆ. ಮೂರನೇ ದಿನ ಪರದೆ ಕಪ್ಪಾಯ್ತು. ಟಿವಿಯ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ ಪೋರ್ಟ್‌ಗೆ ಹಿಂದೆಯೇ ಬೆಸುಗೆ ಹಾಕಿದ್ದರು, ದುಡ್ಡು ವಾಪಸ್ ಬರಲಿಲ್ಲ.

ದೊಡ್ಡ ಆಟದ ಡಿಸ್ಕ್ ಒಂದನ್ನು ಹಾಕಿಸಿ. ಡ್ರೈವ್ ತಾನಾಗಿ ಎಳ್ಕೊಂಡು ತಾನಾಗಿ ಹೊರಗೆ ಬಿಡಬೇಕು. ಅರ್ಧ ಗಂಟೆ ಆದಮೇಲೆ ಫ್ಯಾನ್ ಅರಚಬಾರದು, ಯಂತ್ರ ತಾನೇ ಆಫ್ ಆಗಬಾರದು. ಎಚ್‌ಡಿಎಂಐ ಕೇಬಲ್ ಮೆಲ್ಲಗೆ ಅಲ್ಲಾಡಿಸಿದರೆ ಚಿತ್ರ ಮಿಣುಕಬಾರದು. ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡೋ ಸಾಧನ) ಮೇಲಿನ, ಬೆರಳಲ್ಲಿ ತಿರುಗಿಸೋ ಕಡ್ಡಿಗಳನ್ನು ಮುಟ್ಟದೇ ಬಿಟ್ಟು ನೋಡಿ, ಆಗಲೂ ಆಟದ ಮನುಷ್ಯ ನಿಧಾನ ಸರಿಯುತ್ತಿದ್ದರೆ ಅದು ಸವೆದಿದೆ ಅಂತ, ಹೊಸ ಕಂಟ್ರೋಲರ್ ಬೆಲೆ ಚೌಕಾಶಿಯಲ್ಲಿ ಇಳಿಸಿ. ನಿಮ್ಮದೇ ಖಾತೆ ಹಾಕಿ ಆನ್‌ಲೈನ್‌ಗೆ ಹೋಗುತ್ತಾ ನೋಡಿ, ಕೆಲವು ಯಂತ್ರಗಳನ್ನೇ ಸೋನಿಯವರು ನಿಷೇಧಿಸಿರ್ತಾರೆ. ಕೊನೆಗೆ ಅವರ ಖಾತೆ ತೆಗೆಸಿ, ನಿಮ್ಮ ಎದುರಲ್ಲೇ ಪೂರ್ತಿ ರೀಸೆಟ್ ಮಾಡಿಸಿ, ಮೂಲ ಬಿಲ್ ಕೇಳಿ ಇಸ್ಕೊಳ್ಳಿ. ಮನೆಗೆ ತಂದಮೇಲೆ ಗಾಜಿನ ಬಾಗಿಲ ಶೋಕೇಸ್ ಒಳಗೆ ಇಡಬೇಡಿ, ಬಿಸಿಗೆ ಬೇಗ ಹಾಳಾಗುತ್ತೆ.

ಮೊದಲ ತಿಂಗಳು ಯಾವ ಆಟವನ್ನೂ ಕೊಳ್ಳಬೇಡಿ. ಆಸ್ಟ್ರೋಸ್ ಪ್ಲೇರೂಮ್ ಪಿಎಸ್5 ಜೊತೆಗೇ ಉಚಿತವಾಗಿ ಬರುತ್ತೆ. ಚಿಕ್ಕದು, ಆದರೆ ನಾನು ಆಡಿದ ಅತ್ಯಂತ ಸಂತೋಷದ ಆಟಗಳಲ್ಲಿ ಅದೂ ಒಂದು. ಉಳಿದ ದುಡ್ಡಲ್ಲಿ ಎರಡನೇ ಕಂಟ್ರೋಲರ್ ತಗೊಳ್ಳಿ. ಪಿಎಸ್5ರದ್ದೇ ಆಗಬೇಕು, ಪಿಎಸ್4ರ ಕಂಟ್ರೋಲರ್‌ನಿಂದ ಪಿಎಸ್5 ಆಟ ಆಡೋಕೆ ಬರಲ್ಲ. ಆಮೇಲೆ ಮೊದಲ ಡಿಸ್ಕ್ ಇಟ್ ಟೇಕ್ಸ್ ಟೂ ಆಗಲಿ, 2021ರದ್ದು. ಡಬ್ಬಿಯ ಮೇಲೆ 12 ಅಂತಿದೆ, ಕಥೆ ಬೇರೆಯಾಗೋಕೆ ಹೊರಟ ಗಂಡ ಹೆಂಡತಿಯದು, ಹಾಗಾಗಿ ಪಕ್ಕದಲ್ಲಿ ದೊಡ್ಡವರು ಇರಬೇಕು. ಇದ್ದೇ ಇರ್ತೀರಿ, ಯಾಕಂದರೆ ಅದನ್ನು ಒಬ್ಬರೇ ಆಡೋಕೆ ಆಗೋದೇ ಇಲ್ಲ. ಮಾರಿಯೋ ಆಡಿದ ಕೈ ನಿಮ್ಮದು, ಎರಡು ದಿನಕ್ಕೆ ಹಿಡಿತ ಬರುತ್ತೆ.