ಅಪ್‌ಡೇಟ್: ಮೊಬೈಲ್ ಡೇಟಾದಲ್ಲೂ ಕನೆಕ್ಟ್ ಆಯ್ತು

ಹೋದ ತಿಂಗಳು ಕೇಳಿದ್ನಲ್ಲ, ಫೋಟೋನ ಸರ್ವರ್‌ನಲ್ಲಿ ಇಡದೆ ಫೋನಿಂದ ಫೋನಿಗೇ ಕಳಿಸೋ ಆ್ಯಪ್ ಬರೀತಿದೀನಿ, ಮನೆ ವೈಫೈಲಿ ಸರಿ ಇದೆ, ಮೊಬೈಲ್ ಡೇಟಾಗೆ ಬಂದ್ರೆ ಕನೆಕ್ಟೇ ಆಗಲ್ಲ ಅಂತ.

ಫೋನಿನ ಐಪಿ ನೋಡಿದ್ರೆ 100.72 ಅಂತ ಶುರುವಾಗ್ತಿತ್ತು. ಅಂದ್ರೆ ಸಿಜಿನ್ಯಾಟ್ (ಮೊಬೈಲ್ ಕಂಪನಿಯೇ ನಡುವೆ ಇಡೋ ನ್ಯಾಟ್, ಒಳಗಿನ ಐಪಿನ ಹೊರಗಿನ ಐಪಿಗೆ ಬದಲಾಯಿಸೋ ವ್ಯವಸ್ಥೆ), ಒಂದೇ ಪಬ್ಲಿಕ್ ಅಡ್ರೆಸ್ಸು ಎಷ್ಟೋ ಜನಕ್ಕೆ, ಒಳಗಿಂದ ಯಾರೂ ಮೊದಲು ಮಾತಾಡಿಸದೆ ಹೊರಗಿಂದ ಬಂದ ಪ್ಯಾಕೆಟ್ ಅಲ್ಲೇ ಬಿದ್ದೋಗುತ್ತೆ. ನೀವು ಹೇಳಿದ ಹಾಗೆ ಟಿಸಿಪಿ ಬಿಟ್ಟು ಯುಡಿಪಿ (ಮೊದಲು ಕನೆಕ್ಷನ್ ಮಾಡ್ಕೊಳ್ಳದೆ ನೇರ ಪ್ಯಾಕೆಟ್ ಕಳಿಸೋ ವಿಧಾನ) ಹೋಲ್ ಪಂಚಿಂಗ್, ಅಂದ್ರೆ ಎರಡೂ ಕಡೆ ಒಳಗಿಂದಲೇ ದಾರಿ ತೆರೆಯೋ ಉಪಾಯ, ಹಾಕ್ದೆ. ಎರಡೂ ಫೋನು ಸ್ಟನ್ ಸರ್ವರ್‌ನ ಕೇಳಿ ಹೊರಗೆ ಕಾಣೋ ಪೋರ್ಟ್ ತಿಳ್ಕೊಂಡು ಒಂದೇ ಹೊತ್ತಿಗೆ ಪ್ಯಾಕೆಟ್ ಕಳಿಸ್ತವೆ, ಮೊದಲನೇದು ಸಾಮಾನ್ಯವಾಗಿ ಆ ಕಡೆ ಮುಟ್ಟದೆ ಬಿದ್ದೋಗುತ್ತೆ, ಆಮೇಲೆ ದಾರಿ ಬಿಟ್ಕೊಳುತ್ತೆ. ಮೊದಲ ಸಲ ಲಾಗ್‌ನಲ್ಲಿ ಆ ಕಡೆಯ ಉತ್ತರ ಬಂದಾಗ ನಿಜವಾಗ್ಲೂ ಕಣ್ಣು ತುಂಬ್ತು.

ಸುಮ್ನೆ ಬಿಟ್ರೆ ಅರ್ಧ ನಿಮಿಷಕ್ಕೆ ದಾರಿ ಮುಚ್ಚೋಗ್ತಿತ್ತು, ಅದಕ್ಕೆ ದಾರಿ ತೆರೆದಿಡೋಕೆ 25 ಸೆಕೆಂಡಿಗೊಂದು ಚಿಕ್ಕ ಪ್ಯಾಕೆಟ್, ಅಂದ್ರೆ ಕೀಪ್‌ಅಲೈವ್. ಸಿಮೆಟ್ರಿಕ್ ನ್ಯಾಟ್ ಎರಡೂ ಕಡೆ ಇದ್ರೆ ಇದ್ಯಾವ್ದೂ ನಡೆಯಲ್ಲ, ಯಾಕಂದ್ರೆ ಪ್ರತಿ ಹೊಸ ವಿಳಾಸಕ್ಕೂ ಪೋರ್ಟ್ ಬದಲಾಗುತ್ತೆ. ರಿಲೇ (ನಡುವೆ ನಿಂತು ಡೇಟಾ ದಾಟಿಸೋ ಸರ್ವರ್) ಬೇಡವೇ ಬೇಡ ಅಂತ ಹಟ ಹಿಡಿದಿದ್ದೆ, ಈಗ ಟರ್ನ್ ರಿಲೇ ಇಟ್ಟಿದೀನಿ, ಎನ್‌ಕ್ರಿಪ್ಷನ್ ಫೋನಲ್ಲೇ ಆಗೋದ್ರಿಂದ ರಿಲೇಗೆ ಫೋಟೋ ಕಾಣಲ್ಲ.

ಯಾರು ಎಲ್ಲಿದಾರೆ ಅನ್ನೋ ಪಟ್ಟಿನ ಎಲ್ಲ ಫೋನಿಗೂ ಹಂಚಿ ಹುಡುಕೋ ಕಡೆಮ್ಲಿಯಾ ಡಿಎಚ್‌ಟಿ ತೆಗ್ದಾಕ್ದೆ. ಲಕ್ಷಾಂತರ ನೋಡ್ ಇರೋ ಕಡೆ ಅದು ಸರಿ, ನಮ್ಮ ಮನೆಯ 12 ಫೋನಿಗೆ ಒಂದು ಚಿಕ್ಕ ಪಟ್ಟಿ ಸಾಕು. ಗುರುತಿಗೆ ಐಪಿ ಬದಲು ಪಬ್ಲಿಕ್ ಕೀ (ಪ್ರತಿ ಫೋನಿಗೂ ಬೇರೆ ಇರೋ, ಎಲ್ರಿಗೂ ತೋರಿಸಬಹುದಾದ ಎನ್‌ಕ್ರಿಪ್ಷನ್ ಕೀ), ವೈಫೈಯಿಂದ ಡೇಟಾಗೆ ಹಾರಿದ್ರೂ ಅದೇ ಮನುಷ್ಯ ಅಂತ ಗೊತ್ತಾಗುತ್ತೆ.

ಕೀಪ್‌ಅಲೈವ್‌ನಿಂದ ಬ್ಯಾಟರಿ ಜಾಸ್ತಿ ತಿಂತಿದೆ, ಈ ವಾರ ಅದನ್ನ ನೋಡ್ತೀನಿ. ಸಹಾಯ ಮಾಡಿದ ಎಲ್ರಿಗೂ ತುಂಬಾ ಥ್ಯಾಂಕ್ಸ್.