ತೊಟ್ಟಿಲ ಮಗು ಮತ್ತು ತುಟಿಯ ಗುಳ್ಳೆ: ಅತ್ತಿಗೆಯ ಪ್ರಶ್ನೆಗೆ ಉತ್ತರ

ಅತ್ತಿಗೆ, ನಮಸ್ಕಾರ. ಭಾನುವಾರ ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಡೆಯುವ ನಾಮಕರಣಕ್ಕೆ, ತುಟಿಯಂಚಿನಲ್ಲಿ ಹರ್ಪಿಸ್ ಗುಳ್ಳೆ ಎದ್ದಿರುವ ಚಿಕ್ಕಮ್ಮ ಬರಬಹುದೇ, ಬಂದರೆ ಅವರ ತಟ್ಟೆ ಲೋಟ ಬೇರೆ ಇಡಬೇಕೇ ಎಂದು ನೀವು ಬೆಳಿಗ್ಗೆ ನಮ್ಮ ಮನೆಯವರ ಈ ಗುಂಪಿನಲ್ಲಿ ಕೇಳಿದ್ದೀರಿ. ಅದರ ಕೆಳಗೆ ಯಾರೋ ‘ಇದು ನಡತೆಗೆಟ್ಟವರ ರೋಗ’ ಎಂದು ಬರೆದದ್ದನ್ನು ಓದಿ ನನಗೆ ಬಹಳ ನೋವಾಯಿತು. ನವಜಾತ ಶಿಶುಗಳ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳಾಗಿ ಹೇಳುತ್ತಿದ್ದೇನೆ, ದಯವಿಟ್ಟು ಎಲ್ಲರೂ ಪೂರ್ತಿ ಕೇಳಿ.

ತುಟಿಯ ಗುಳ್ಳೆಗೆ ಸಾಮಾನ್ಯವಾಗಿ ಕಾರಣ ಹರ್ಪಿಸ್ ವೈರಸ್ಸಿನ ಮೊದಲನೆಯ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನವರ ಪೈಕಿ ಸುಮಾರು 64% ಜನರಲ್ಲಿ ಇದಿದೆ; ಹೆಚ್ಚಿನವರಿಗೆ ಇದು ಬಾಲ್ಯದಲ್ಲೇ, ಮನೆಯವರು ಕೊಟ್ಟ ಮುತ್ತಿನಿಂದಲೇ ಅಂಟಿರುತ್ತದೆ. ಒಮ್ಮೆ ಒಳಹೊಕ್ಕ ವೈರಸ್ ನರದ ಬುಡದಲ್ಲಿ ಜೀವನಪೂರ್ತಿ ಅಡಗಿದ್ದು, ಜ್ವರ ಬಂದಾಗಲೋ ಬಿಸಿಲಿಗೆ ಬಳಲಿದಾಗಲೋ ಮೇಲೆದ್ದು ಬರುತ್ತದೆ. ಮೊದಲು ತುಟಿ ಜುಮ್ಮೆನ್ನುತ್ತದೆ, ಮರುದಿನ ರಾಗಿಕಾಳಿನಂಥ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ, ಅವು ಒಡೆದು ಹಳದಿ ಹಕ್ಕಳೆ ಕಟ್ಟುತ್ತದೆ. ಆ ನೀರಿನಲ್ಲಿಯೂ ಎಂಜಲಿನಲ್ಲಿಯೂ ವೈರಸ್ ಇರುವುದರಿಂದ, ಚರ್ಮಕ್ಕೆ ಚರ್ಮ, ಬಾಯಿಗೆ ಬಾಯಿ ತಾಗಿದಾಗ ಅದು ಹರಡುತ್ತದೆ. ಗುಳ್ಳೆ ಹಸಿಯಿರುವಾಗ ಎಂಜಲು ಚಮಚ ಹಂಚಿಕೊಳ್ಳುವುದು ಬೇಡ; ಆದರೆ ಸೋಪು ಹಾಕಿ ತೊಳೆದ ತಟ್ಟೆಯಿಂದಾಗಲಿ, ಶೌಚಾಲಯದಿಂದಾಗಲಿ ಇದು ಬರುವುದಿಲ್ಲ.

ಎರಡನೆಯ ಬಗೆ ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಪಕ್ಕದ ಮನೆಯವರು ಚಿಕ್ಕಮ್ಮನ ಗುಳ್ಳೆಯನ್ನು ಮರಾಠಿಯಲ್ಲಿ ‘ನಾಗಿಣ್’ ಎಂದರಂತೆ. ಅದು ನಮ್ಮ ಸರ್ಪಸುತ್ತು, ಸೀತಾಳೆ ಸಿಡುಬಿನ ವೈರಸ್ಸಿನಿಂದ ಬರುವ ಬೇರೆಯೇ ಕಾಯಿಲೆ.

ಈಗ ಮಗುವಿನ ವಿಷಯ. ಹನ್ನೆರಡು ದಿನದ ಕೂಸಿಗೆ ಈ ವೈರಸ್ ತಗುಲಿದರೆ ಮಿದುಳಿಗೂ ಯಕೃತ್ತಿಗೂ ಏರಿ ಪ್ರಾಣಕ್ಕೇ ಕುತ್ತು ತರಬಹುದು. ಮಗು ಹಾಲು ಕುಡಿಯದೆ ಮಂಕಾದರೆ, ಮೈ ಬಿಸಿಯಾದರೆ, ಎಲ್ಲಿಯಾದರೂ ನೀರುಗುಳ್ಳೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಅಸೈಕ್ಲೋವಿರ್ ಔಷಧವನ್ನು ರಕ್ತನಾಳದ ಮೂಲಕ ಎಷ್ಟು ಬೇಗ ಕೊಡುತ್ತಾರೋ ಅಷ್ಟು ಒಳ್ಳೆಯದು. ಗುಳ್ಳೆ ಕಾಣದವರ ಬಾಯಿಂದಲೂ ವೈರಸ್ ಹೊರಬೀಳಬಹುದಾದ್ದರಿಂದ, ಅಜ್ಜಿಯಿರಲಿ, ಮಾವನಿರಲಿ, ಸ್ವತಃ ನಾನಿರಲಿ, ಯಾರೂ ಮಗುವಿಗೆ ಮುತ್ತಿಡಬಾರದು. ಬಾಣಂತಿಗೆ ಇದನ್ನು ಹೇಳಲು ಸಂಕೋಚವಾಗುತ್ತದೆ, ಆದ್ದರಿಂದ ಬಾಗಿಲಲ್ಲೇ ನೀವು ಹೇಳಿಬಿಡಿ, ಎಲ್ಲರ ಕೈಯನ್ನೂ ಸೋಪಿನಿಂದ ತೊಳೆಸಿ.

ಚಿಕ್ಕಮ್ಮ ಖಂಡಿತ ಬರಲಿ. ಮಾಸ್ಕ್ ಹಾಕಿಕೊಂಡು ದೂರ ಕುಳಿತು ಜೋಗುಳ ಹಾಡಲಿ, ಎಲ್ಲರೊಂದಿಗೆ ಊಟ ಮಾಡಲಿ. ಹಕ್ಕಳೆ ಉದುರಿ ಚರ್ಮ ಮೊದಲಿನಂತಾಗುವವರೆಗೆ ಮಗುವನ್ನು ಎತ್ತಿಕೊಳ್ಳುವುದು ಮಾತ್ರ ಬೇಡ. ಅವರು ಈ ಗುಂಪಿನಲ್ಲಿಲ್ಲ, ರಾತ್ರಿ ನಾನೇ ಫೋನ್ ಮಾಡಿ ತಿಳಿಸುತ್ತೇನೆ. ಬೇರೆ ತಟ್ಟೆಯ ಮಾತು ಅವರ ಕಿವಿಗೆ ಬೀಳುವುದು ಬೇಡ.