ಇನ್ಫರ್ಮೇಶನ್ ಸಿಸ್ಟಮ್ಸ್ ಕೋರ್ಸಿಗೆ ವಿದ್ಯಾರ್ಥಿಗಳನ್ನು ಸೆಳೆಯುವುದು ಹೇಗೆ?

ಪ್ರಶ್ನೆ: ಕಂಪ್ಯೂಟರ್ ಸೈನ್ಸ್‌ಗೆ ನೂಕುನುಗ್ಗಲು, ಸಂಸ್ಥೆಗಳು ಕಂಪ್ಯೂಟರ್ ಬಳಸಿ ಮಾಹಿತಿ ನಿರ್ವಹಿಸುವುದನ್ನು ಕಲಿಸುವ ನಮ್ಮ ಇನ್ಫರ್ಮೇಶನ್ ಸಿಸ್ಟಮ್ಸ್ ವಿಭಾಗದಲ್ಲಿ ಅರ್ಧ ಬೆಂಚು ಖಾಲಿ. ಕರಪತ್ರ ಹಂಚುವುದು ಬಿಟ್ಟು ಬೇರೇನು ಮಾಡಬಹುದು?

ಉತ್ತರ 1: ನಿಮ್ಮ ಪರಿಚಯಾತ್ಮಕ ಕೋರ್ಸೇ ಕರಪತ್ರ. ಅಲ್ಲಿ ಹಾರ್ಡ್‌ವೇರ್, ಸಾಫ್ಟ್‌ವೇರ್ ವ್ಯಾಖ್ಯೆ ಉರು ಹೊಡೆಸಿದರೆ ಯಾರು ಉಳೀತಾರೆ? ಮೊದಲ ವಾರವೇ ಗ್ರಂಥಾಲಯದ ಒಂದು ಗಲೀಜು ಎಕ್ಸೆಲ್ ಹಾಳೆ ಕೊಡಿ: ಒಬ್ಬನೇ ಸದಸ್ಯನ ಹೆಸರು ಮೂರು ಥರ, ಕೆಲವು ದಿನಾಂಕ ಖಾಲಿ. ಪುಸ್ತಕ ಹಿಂದಿರುಗಿಸದವರು ಎಷ್ಟು ಮಂದಿ ಎಂದು ಕೇಳಿ; ಒಬ್ಬೊಬ್ಬರ ಲೆಕ್ಕ ಒಂದೊಂದು ಬರುತ್ತದೆ. ಆಮೇಲೆ ಪ್ರತಿ ಸದಸ್ಯನಿಗೂ ಸಂಖ್ಯೆ ಕೊಟ್ಟು, ಸದಸ್ಯ, ಪುಸ್ತಕ, ಎರವಲು ಎಂದು 3 ಟೇಬಲ್ ಮಾಡಿಸಿ, ಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) ಜೋಡಿಸಿ ಎಣಿಸಲಿ. ಈ ವಿಷಯ ಯಾಕೆ ಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಉತ್ತರ 2: ಸರಿ, ಆದರೆ ಆ ಕೋರ್ಸು ಮೇಜರ್ (ಪದವಿಯ ಮುಖ್ಯ ವಿಷಯ) ಆಯ್ಕೆಗೆ ಮುಂಚೆ ಇರಬೇಕು. ಆಯ್ಕೆ ಮುಗಿದ ಮೇಲೆ ಎಷ್ಟು ಚೆನ್ನಾಗಿ ಪಾಠ ಮಾಡಿದರೂ ವ್ಯರ್ಥ. ಅಕೌಂಟಿಂಗ್, ಮಾರ್ಕೆಟಿಂಗ್‌ನವರಿಗೆ ಡಬಲ್ ಮೇಜರ್, ಅಂದರೆ ಎರಡು ಮುಖ್ಯ ವಿಷಯ ಒಟ್ಟಿಗೆ ಓದುವ ದಾರಿ ತೋರಿಸಿ. ಯಾವ ಕೋರ್ಸುಗಳು ಎರಡಕ್ಕೂ ಲೆಕ್ಕಕ್ಕೆ ಬರುತ್ತವೆ ಎಂಬ ಪಟ್ಟಿ ಒಂದೇ ಪುಟದಲ್ಲಿರಲಿ.

ಉತ್ತರ 3: ದಯವಿಟ್ಟು ‘ಕೋಡಿಂಗ್ ಇಲ್ಲ, ಸುಲಭ’ ಎಂದು ಮಾತ್ರ ಕರೆಯಬೇಡಿ. ಹಾಗೆ ಬಂದವರು ಡೇಟಾಬೇಸ್ ಕೋರ್ಸಿನಲ್ಲೇ ಜಾಗ ಖಾಲಿ ಮಾಡುತ್ತಾರೆ. ವಿಭಾಗದ ಹೆಸರಿಗಿಂತ ಕೆಲಸದ ಹೆಸರು ಹೇಳಿ: ಬಿಸಿನೆಸ್ ಅನಲಿಸ್ಟ್ (ಕಂಪನಿಗೆ ಏನು ಬೇಕೆಂದು ವಿಶ್ಲೇಷಿಸುವವರು), ಐಟಿ ಆಡಿಟರ್ (ಕಂಪ್ಯೂಟರ್ ವ್ಯವಸ್ಥೆಗಳ ತಪಾಸಣೆ ಮಾಡುವವರು).